ಮೇಜಿನ ಮೇಲೆ ಸೈನ್ಯ, ಬಾಗಿಲಲ್ಲಿ ನೆಂಟರು: ವಾರ್‌ಗೇಮ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ನಾವು ಕೆಲವರು ಬಿಡುವಿನ ಭಾನುವಾರಗಳಂದು ಒಬ್ಬರ ಮನೆಯ ಪಡಸಾಲೆಯಲ್ಲಿ ಸೇರಿ ವಾರ್‌ಗೇಮ್ ಆಡುತ್ತೇವೆ. ನೋಡಲು ಬಂದವರು, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರು, ಬೀದರ್ ಮತ್ತು ಯಾದಗಿರಿಯಿಂದ ಪತ್ರ ಬರೆದವರು, ಮಕ್ಕಳ ಚಿಂತೆ ಹೊತ್ತು ಬಂದ ತಾಯಂದಿರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಸಿಟ್ಟಿನಿಂದ ಕೇಳಿದ ಪ್ರಶ್ನೆಗಳಿಗೆ ಉದ್ದದ ಉತ್ತರ ಕೊಟ್ಟಿದ್ದೇನೆ, ಏಕೆಂದರೆ ಅವರ ಸಿಟ್ಟಿಗೆ ಕಾರಣವಿದೆ.

## ಮೊದಲ ಪರಿಚಯ

ಇದು ಎಂಥ ಆಟ? ಚೆಸ್ಸಿಗೂ ಇದಕ್ಕೂ ಏನು ವ್ಯತ್ಯಾಸ?

ಮೇಜಿನ ಮೇಲೆ ಗುಡ್ಡ, ಹಳ್ಳ, ಊರು, ಕೋಟೆಗಳನ್ನು ಜೋಡಿಸಿ, ಎರಡೂ ಕಡೆ ಸಣ್ಣ ಸೈನಿಕರ ಗೊಂಬೆಗಳನ್ನೋ ರಟ್ಟಿನ ಬಿಲ್ಲೆಗಳನ್ನೋ ನಿಲ್ಲಿಸಿ, ಬರೆದಿಟ್ಟ ನಿಯಮದಂತೆ ಸರದಿ ಪ್ರಕಾರ ನಡೆಸುವ ಯುದ್ಧದಾಟ. ಚೆಸ್ಸಿನಲ್ಲಿ ಎರಡೂ ಕಡೆಯ ಬಲ ಸಮ, ನೆಲ ಸಮತಟ್ಟು, ಆಡಿದವನ ಆಜ್ಞೆಯನ್ನು ಕಾಯಿ ಮೀರುವುದಿಲ್ಲ. ಇಲ್ಲಿ ಈ ಮೂರೂ ಇಲ್ಲ. ಕುದುರೆ ಕೆಸರಿನಲ್ಲಿ ನಿಧಾನವಾಗುತ್ತದೆ, ಗುಡ್ಡದ ಆಚೆಗೆ ಏನಿದೆ ಎಂದು ತೋಪಿನವರಿಗೆ ಕಾಣುವುದಿಲ್ಲ, ಹೆದರಿದ ದಳ ನೀವು ಎಷ್ಟು ಹೇಳಿದರೂ ಮುಂದೆ ಹೋಗುವುದಿಲ್ಲ. ಗುಂಡು ತಾಗಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಒಂದು ಆಟಕ್ಕೆ ಎರಡು ಮೂರು ಗಂಟೆ ಬೇಕು. ದೊಡ್ಡದಾದರೆ ಇಡೀ ದಿನ.

ಈಗಿನ ರೂಪದ ಆಟದ ಮೂಲ ಪ್ರಷ್ಯಾ ಎಂಬ ಹಳೆಯ ಜರ್ಮನ್ ರಾಜ್ಯದಲ್ಲಿದೆ. ರೈಸ್‌ವಿಟ್ಸ್ ಎಂಬ ತಂದೆ 1812ರಲ್ಲಿ ಅಲ್ಲಿನ ದೊರೆಗೆ ಇಂಥದೊಂದು ಆಟವನ್ನು ತೋರಿಸಿದ; ಸೈನ್ಯಾಧಿಕಾರಿಯಾಗಿದ್ದ ಮಗ ಅದನ್ನು ನಿಜವಾದ ಭೂಪಟದ ಮೇಲೆ ಆಡುವಂತೆ ತಿದ್ದಿ 1824ರಲ್ಲಿ ಪ್ರಕಟಿಸಿದ. ಸೇನಾ ಮುಖ್ಯಸ್ಥ ಮುಫ್ಲಿಂಗ್ ಅದನ್ನು ಮೆಚ್ಚಿ ಸೈನ್ಯದ ದಳಗಳಿಗೆ ಶಿಫಾರಸು ಮಾಡಿದ. ಮನೆಯಲ್ಲಿ ಆಡುವ ಹವ್ಯಾಸವಾಗಿ ಅದು ಹರಡಿದ್ದು 20ನೇ ಶತಮಾನದಲ್ಲಿ.

ಹುಡುಗರು ಮೊಬೈಲಿನಲ್ಲಿ ಆಡುವ ಗುಂಡಿನ ಆಟವನ್ನೇ ಮೇಜಿನ ಮೇಲೆ ಆಡುತ್ತೀರೋ?

ಇಲ್ಲ. ಅಲ್ಲಿ ಬೆರಳಿಗೆ ಕೆಲಸ, ಇಲ್ಲಿ ಬಾಯಿಗೆ. ಎದುರಿಗೆ ಕುಳಿತವನ ಜೊತೆ ವಾದ ಮಾಡದೆ, ನಿಯಮದ ಪುಟ ತಿರುವದೆ, ನಡುವೆ ಚಹಾ ಕುಡಿಯದೆ ಈ ಆಟ ಮುಗಿಯುವುದೇ ಇಲ್ಲ.

ಬಹಳ ದುಬಾರಿ ಎಂದು ಕೇಳಿದ್ದೇನೆ. ಕಲಬುರಗಿಯಲ್ಲಿ ಸಾಮಾನಾದರೂ ಎಲ್ಲಿ ಸಿಗುತ್ತದೆ?

ದುಬಾರಿ ಮಾಡಿಕೊಳ್ಳಲು ಮನಸ್ಸು ಮಾಡಿದವರಿಗೆ ಮಿತಿಯೇ ಇಲ್ಲ. ವಾರ್‌ಹ್ಯಾಮರ್‌ನಂಥ ಬ್ರಿಟಿಷ್ ಆಟದ ಗೊಂಬೆಗಳಲ್ಲಿ ಪೂರ್ತಿ ಸೈನ್ಯ ಕಟ್ಟಲು ಹೊರಟರೆ ಹತ್ತಾರು ಸಾವಿರ ರೂಪಾಯಿ ಹೋಗುತ್ತದೆ. ಹಾಗೆ ಶುರು ಮಾಡಬೇಡಿ. ಅಂತರಜಾಲದಲ್ಲಿ ಉಚಿತವಾಗಿ ಸಿಗುವ ನಿಯಮಗಳಿವೆ. ಕಾಲೇಜಿನ ಮುಂದಿನ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಳ್ಳಿ. ಸೈನಿಕರ ಬದಲು ಬಣ್ಣ ಹಚ್ಚಿದ ರಟ್ಟಿನ ತುಂಡುಗಳು ಸಾಕು. ಗೊಂಬೆಯೇ ಬೇಕು ಎಂದರೆ ಶರಣಬಸವೇಶ್ವರ ಜಾತ್ರೆಯ ಆಟಿಕೆ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಸೈನಿಕರನ್ನು ಹುಡುಕಬಹುದು. ಅವು ಒಂದೇ ಅಳತೆಯವಾಗಿರಲಿ, ಅಷ್ಟೇ. ಗುಡ್ಡಕ್ಕೆ ಥರ್ಮೋಕೋಲ್, ಹುಲ್ಲಿಗೆ ಹಸಿರು ಬಟ್ಟೆ, ಅಳೆಯಲು ದರ್ಜಿಯ ಟೇಪು.

ಮೇಜು ಇಲ್ಲದಿದ್ದರೆ ನೆಲವೇ ಒಳ್ಳೆಯದು. ನಮ್ಮ ಭಾಗದ ಹಳೆಯ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲ ಇರುತ್ತದೆ. ಕಲ್ಲಿನ ಸಂದುಗಳನ್ನೇ ಚೌಕದ ಗೆರೆ ಎಂದುಕೊಂಡರೆ ಅಳತೆಯ ಜಗಳವೇ ಇಲ್ಲ. ಬಣ್ಣ ಹಚ್ಚುವವರಿಗೆ ಒಂದು ಮಾತು: ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿಗೆ ಅಕ್ರಿಲಿಕ್ ಬಣ್ಣ ಕುಂಚದ ಮೇಲೆಯೇ ಒಣಗುತ್ತದೆ. ಬೆಳಗಿನ ಜಾವ ಹಚ್ಚಿ, ಇಲ್ಲವೇ ಮಳೆಗಾಲ ಕಾಯಿರಿ.

## ಮನೆಯವರು, ನೆಂಟರು, ಓಣಿಯವರು

ಕಾಕಾ, ಈ ವಯಸ್ಸಿನಲ್ಲಿ ಗೊಂಬೆ ಆಡುವುದು ನಿಮಗೆ ಶೋಭಿಸುತ್ತದೆಯೇ?

ನಮ್ಮ ಊರುಗಳ ಕಟ್ಟೆಯ ಮೇಲೆ ಮೊಮ್ಮಕ್ಕಳನ್ನು ಕಂಡ ಹಿರಿಯರು ಚೌಕಾಬಾರ ಆಡುತ್ತಾರೆ, ಹುಲಿ-ಕುರಿ ಆಡುತ್ತಾರೆ. ಅವರನ್ನು ಯಾರೂ ಹುಡುಗಾಟಿಕೆಯವರು ಎನ್ನುವುದಿಲ್ಲ. ರಾತ್ರಿಯಿಡೀ ಇಸ್ಪೀಟು ಆಡುವವರನ್ನು ಬೈಯುವವರೂ 'ಚಟಗಾರ' ಎನ್ನುತ್ತಾರೆಯೇ ಹೊರತು 'ಮಗು' ಎನ್ನುವುದಿಲ್ಲ. ಆದ್ದರಿಂದ ದೊಡ್ಡವರು ಆಡುವುದು ಇಲ್ಲಿ ತಕರಾರಲ್ಲ. ಕೈಯಲ್ಲಿ ಕೈಕಾಲು ಇರುವ ಗೊಂಬೆ ಇದೆಯಲ್ಲ, ಅದು ತಕರಾರು. ಅದೇ ಗೊಂಬೆಯ ಜಾಗದಲ್ಲಿ ಹುಣಸೆ ಬೀಜ ಇಟ್ಟರೆ ಮರ್ಯಾದೆ ಉಳಿಯುತ್ತದೆ!

ಇಂಗ್ಲೆಂಡಿನಲ್ಲೂ ಇದೇ ನಗೆ ಇತ್ತು. ಕಾದಂಬರಿಕಾರ ಎಚ್.ಜಿ. ವೆಲ್ಸ್ ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮಗಳನ್ನು ಬರೆದು 1913ರಲ್ಲಿ ಪುಸ್ತಕವಾಗಿ ತಂದಾಗ ಅವನಿಗೆ ನಲವತ್ತಾರು ದಾಟಿತ್ತು, ಜಗತ್ತಿನ ತುಂಬ ಹೆಸರಿತ್ತು. ನೆಲದ ಮೇಲೆ ಮೊಣಕಾಲೂರಿ ತೋಪು ಹೊಡೆಯಲು ಅವನು ನಾಚಲಿಲ್ಲ.

ಆದರೂ ಒಂದು ಮಾತು ಒಪ್ಪಬೇಕು. ನೆಂಟರ ಕಣ್ಣಿಗೆ ಗೊಂಬೆಗಿಂತ ಹೆಚ್ಚಾಗಿ ಚುಚ್ಚುವುದು ಮುಚ್ಚಿದ ಬಾಗಿಲು. ಮಧ್ಯಾಹ್ನದ ಹೊತ್ತು ನಾಲ್ಕಾರು ಗಂಡಸರು ಕೋಣೆಯೊಳಗೆ ಸೇರಿ ಬಾಗಿಲು ಹಾಕಿಕೊಂಡರೆ ಓಣಿಯವರಿಗೆ ಹೊಳೆಯುವುದು ಮಟ್ಕಾ, ಕ್ರಿಕೆಟ್ ಬೆಟ್ಟಿಂಗ್, ಶೀಶೆ. ಅವರ ಊಹೆ ತಪ್ಪಾಗಿರಬಹುದು, ಅನುಭವ ತಪ್ಪಲ್ಲ. ನನ್ನ ಸಲಹೆ ಒಂದೇ: ಕೋಣೆ ಬಿಡಿ, ಪಡಸಾಲೆಯಲ್ಲಿ ಆಡಿ, ಬಾಗಿಲು ತೆರೆದಿಡಿ. ಹಾಲು ಹಾಕಲು ಬಂದವರೂ ಒಂದು ಕ್ಷಣ ನಿಂತು ನೋಡಲಿ. ಯಾರಾದರೂ ಕೇಳಿದರೆ ಭಾಷಣ ಬೇಡ. ಕೈಗೆ ದಾಳ ಕೊಟ್ಟು 'ಈ ದಳದ ಪರವಾಗಿ ಒಮ್ಮೆ ಉರುಳಿಸಿ' ಎನ್ನಿ. ಅವಮಾನ ಮಾಡಲು ಬಂದ ಮಾವನವರು ಸೋಲುತ್ತಿರುವ ಕಡೆಯ ವಕೀಲರಾಗಿ ಕುಳಿತದ್ದನ್ನು ನಮ್ಮಲ್ಲಿ ಕಂಡಿದ್ದೇವೆ.

ದಾಳ ಉರುಳಿಸುತ್ತೀರಿ, ಗೆಲುವು ಸೋಲು ಇದೆ. ಇದು ಜೂಜಲ್ಲದೆ ಮತ್ತೇನು?

ಪಣ ಇಟ್ಟರೆ ಜೂಜು. ನಮ್ಮಲ್ಲಿ ಪಣವಿಲ್ಲ, ಸೋತವರು ಚಹಾ ಕೊಡಿಸಬೇಕು ಎಂಬ ಬಾಜಿಯನ್ನೂ ಬಿಟ್ಟಿದ್ದೇವೆ. ಪಗಡೆ ಎಂದೊಡನೆ ಧರ್ಮರಾಯ ನೆನಪಾಗುವ ಸಮಾಜದಲ್ಲಿ ಈ ಅನುಮಾನ ಸಹಜ. ಅವನು ಕೆಟ್ಟದ್ದು ದಾಳದಿಂದಲ್ಲ, ದಾಳದ ಮೇಲೆ ಇಟ್ಟದ್ದರಿಂದ.

ಇಲ್ಲಿ ದಾಳಕ್ಕೆ ಬೇರೆಯೇ ಕೆಲಸವಿದೆ. ಯುದ್ಧದಲ್ಲಿ ಯಾವುದೂ ಹೇಳಿದಂತೆ ನಡೆಯುವುದಿಲ್ಲ; ಆ ಅನಿಶ್ಚಿತತೆಯನ್ನು ತರಲು ದಾಳ. ಮಗ ರೈಸ್‌ವಿಟ್ಸ್ ತನ್ನ ಆಟದ ಲೆಕ್ಕಗಳನ್ನು ಮನಬಂದಂತೆ ಬರೆದಿರಲಿಲ್ಲ. ಬಂದೂಕು ಮತ್ತು ತೋಪಿನ ಗುಂಡು ಎಷ್ಟು ದೂರದಿಂದ ಎಷ್ಟು ಸಲ ಗುರಿ ಮುಟ್ಟುತ್ತದೆ ಎಂದು ಪ್ರಷ್ಯದ ಸೈನ್ಯ ಮಾಡಿದ್ದ ಪರೀಕ್ಷೆಗಳ ಅಂಕಿಗಳನ್ನು ಆಧಾರವಾಗಿಟ್ಟುಕೊಂಡಿದ್ದ.

ಹೆಣ್ಣು ಕೊಡುವವರು ಮನೆ ನೋಡಲು ಬಂದಾಗ ಗೊಂಬೆಗಳನ್ನು ಅಟ್ಟಕ್ಕೆ ಹಾಕಬೇಕೇ?

ಬೇಡ. ಮದುವೆಯಾದ ಮೇಲೆ ಅಟ್ಟದಿಂದ ಇಳಿದರೆ ಪ್ರಶ್ನೆ ದೊಡ್ಡದಾಗುತ್ತದೆ. ಗಾಜಿನ ಕಪಾಟಿನಲ್ಲಿ ಬಿದರಿ ಹೂಜಿಯ ಪಕ್ಕ ಒಂದು ದಳವನ್ನು ಸಾಲಾಗಿ ನಿಲ್ಲಿಸಿ. ಕೈಕೆಲಸದ ಬೆಲೆ ತಿಳಿದವರು ಮೊದಲು 'ಇದಕ್ಕೆ ಬಣ್ಣ ಹಚ್ಚಿದವರು ಯಾರು' ಎಂದೇ ಕೇಳುತ್ತಾರೆ.

ನನ್ನ ಮಗ ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದಾನೆ. ನಿಮ್ಮ ಆಟಕ್ಕೆ ಬಂದು ಹಾಳಾಗುತ್ತಿದ್ದಾನೆ, ಸರ್. ಏನು ಹೇಳುತ್ತೀರಿ?

ಅಮ್ಮಾ, ನಿಮ್ಮ ಮಾತಿಗೆ ಎದುರಾಡುವುದಿಲ್ಲ. ಈ ಭಾಗದಲ್ಲಿ ಒಂದು ಸರ್ಕಾರಿ ನೌಕರಿ ಎಂದರೆ ಇಡೀ ಮನೆಯ ದಾರಿ ಬದಲಾಗುವ ವಿಷಯ. ಈ ಭಾಗದವರಿಗೆ ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಬಾಗಿಲು ಸ್ವಲ್ಪ ತೆರೆದಿದೆ, ಅದರ ಮುಂದಿನ ನೂಕುನುಗ್ಗಲೂ ಹೆಚ್ಚಿದೆ. ಆದ್ದರಿಂದ ಪರೀಕ್ಷೆಗೆ ಎರಡು ತಿಂಗಳಿರುವಾಗ ಯಾರನ್ನೂ ನಾವು ಕರೆಯುವುದಿಲ್ಲ. ತಾನಾಗಿ ಬಂದರೂ ಮರಳಿ ಕಳುಹಿಸುತ್ತೇವೆ.

ಆದರೆ 'ಈ ಆಟ ಆಡಿದರೆ ಪರೀಕ್ಷೆಗೆ ಅನುಕೂಲ' ಎಂಬ ಸಮರ್ಥನೆಯನ್ನು ನಿಮ್ಮ ಮಗ ಮುಂದಿಟ್ಟರೆ ನಂಬಬೇಡಿ. 1705ರಲ್ಲಿ ಔರಂಗಜೇಬ ವಾಗಿಣಗೇರಿ ಕೋಟೆಗೆ ಮುತ್ತಿಗೆ ಹಾಕಿದಾಗ ಏನಾಯಿತು ಎಂದು ಅವನಿಗೆ ಚೆನ್ನಾಗಿ ತಿಳಿದಿರಬಹುದು. ಪಂಚಾಯತ್ ರಾಜ್ ಕಾಯಿದೆ ಅದರಿಂದ ಬಾಯಿಪಾಠವಾಗುವುದಿಲ್ಲ. ಆಟವನ್ನು ಓದಿನ ವೇಷ ಹಾಕಿಸಿ ಮನೆಯೊಳಗೆ ಬಿಡುವುದು ನನಗೆ ಸೇರದು. ವಾರಕ್ಕೆ ಆರು ದಿನ ಓದುವವನಿಗೆ ಏಳನೆಯ ದಿನ ಮೂರು ಗಂಟೆ ನಗಲು ಜಾಗ ಬೇಕು. ಅದಕ್ಕೆ ಇಷ್ಟೇ ಕಾರಣ ಸಾಲದೇ?

ಹೆಣ್ಣುಮಕ್ಕಳು ಆಡುತ್ತಾರೆಯೇ? ಯುದ್ಧದ ವಿಷಯ ಅವರಿಗೆ ಹಿಡಿಸುತ್ತದೆಯೇ?

ಇದನ್ನು ಕೇಳಿದವರೆಲ್ಲ ಗಂಡಸರು. ಅವರಿಗೆ ಲಿವರ್‌ಪೂಲಿನ ಕಥೆ ಹೇಳುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಅಟ್ಲಾಂಟಿಕ್ ಸಾಗರದಲ್ಲಿ ಬ್ರಿಟನ್ನಿಗೆ ಬರುವ ಸರಕಿನ ಹಡಗುಗಳನ್ನು ಸಾಲುಸಾಲಾಗಿ ಮುಳುಗಿಸುತ್ತಿದ್ದವು. 1942ರಲ್ಲಿ ಗಿಲ್ಬರ್ಟ್ ರಾಬರ್ಟ್ಸ್ ಎಂಬ ನೌಕಾಧಿಕಾರಿ ಲಿವರ್‌ಪೂಲಿನಲ್ಲಿ ಒಂದು ಘಟಕ ತೆರೆದ. ಅವನ ಸಿಬ್ಬಂದಿಯಲ್ಲಿ ಹೆಚ್ಚಿನವರು ನೌಕಾಪಡೆಯ ಮಹಿಳಾ ವಿಭಾಗದ ಹುಡುಗಿಯರು, ಕೆಲವರಿಗೆ ಇಪ್ಪತ್ತೂ ತುಂಬಿರಲಿಲ್ಲ. ನೆಲದ ಮೇಲೆ ಗೆರೆ ಎಳೆದು, ಹಡಗುಗಳ ಗುರುತು ಇಟ್ಟು, ಸಮುದ್ರದ ಮೇಲಿಂದ ಎಷ್ಟು ಕಾಣುವುದೋ ಅಷ್ಟೇ ಕಾಣಲಿ ಎಂದು ಅಧಿಕಾರಿಗಳನ್ನು ಪರದೆಯ ಹಿಂದೆ ಕೂರಿಸಿ, ಕಿಂಡಿಯಲ್ಲಿ ನೋಡುವಂತೆ ಮಾಡಿ ಆಡಿಸುತ್ತಿದ್ದರು. ಶತ್ರುವಿನ ತಂತ್ರ ಏನಿರಬಹುದು ಎಂದು ಹೀಗೆ ಆಡಿ ಆಡಿಯೇ ಕಂಡುಕೊಂಡು, ಎದುರಿಸುವ ಕ್ರಮಗಳನ್ನು ರೂಪಿಸಿದರು. ಅವು ಸಾಗರದಲ್ಲಿ ಬಳಕೆಗೆ ಬಂದವು. ಸ್ವತಃ ಜಲಾಂತರ್ಗಾಮಿಯ ನಿಪುಣನಾಗಿದ್ದ ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ ಪರೀಕ್ಷಿಸಲೆಂದು ಜಲಾಂತರ್ಗಾಮಿಯ ಪಾತ್ರ ವಹಿಸಿ ಆಡಿದಾಗ ಜಾನೆಟ್ ಓಕೆಲ್ ಎಂಬ ಯುವತಿ ಅವನನ್ನು ಮತ್ತೆ ಮತ್ತೆ ಮುಳುಗಿಸಿದಳು.

ನಮ್ಮಲ್ಲಿ ಬರುವ ಹೆಣ್ಣುಮಕ್ಕಳ ಸಂಖ್ಯೆ ಕಡಿಮೆಯೇ. ಕಾರಣ ಯುದ್ಧವಲ್ಲ, ಗಡಿಯಾರ. ಭಾನುವಾರ ಮಧ್ಯಾಹ್ನ ಗಂಡಸಿಗೆ ರಜೆ. ಅಡುಗೆಮನೆಗೆ ಅಂದೇ ಹೆಚ್ಚು ಕೆಲಸ. ಇದನ್ನು ಬದಲಾಯಿಸದೆ 'ಅವರಿಗೆ ಆಸಕ್ತಿ ಇಲ್ಲ' ಎನ್ನುವುದು ಸೋಮಾರಿಯ ಮಾತು. ಆಟದ ದಿನ ಊಟವನ್ನು ಖಾನಾವಳಿಯಿಂದ ತರಿಸಲು ಶುರು ಮಾಡಿದ ಮೇಲೆ ಮನೆಯವರೂ ಮೇಜಿನ ಬಳಿ ಬರತೊಡಗಿದರು.

## ಲಾಭ ಎಂಬ ವಿಷಯ

ನಿಜವಾಗಿ ಏನು ಸಿಗುತ್ತದೆ? ಬುದ್ಧಿ ಚುರುಕಾಗುತ್ತದೆ ಎಂದು ಮಾತ್ರ ಹೇಳಬೇಡಿ.

ಹೇಳುವುದಿಲ್ಲ. ಹವ್ಯಾಸವನ್ನು ಔಷಧದಂತೆ ಮಾರುವವರನ್ನು ಕಂಡರೆ ನನಗೂ ಆಗದು. ಆದರೂ ಆಡುವವರಲ್ಲಿ ಕಣ್ಣಿಗೆ ಕಾಣುವ ಕೆಲವು ಬದಲಾವಣೆಗಳಿವೆ.

ಮೊದಲನೆಯದು ಸಂಭವನೀಯತೆಯ ಅರಿವು. ಮೂರು ದಾಳ ಉರುಳಿಸಿ ಒಂದರಲ್ಲಾದರೂ ಐದೋ ಆರೋ ಬರಬೇಕು ಎಂದಿಟ್ಟುಕೊಳ್ಳಿ. ಒಂದೊಂದು ದಾಳ ತಪ್ಪುವ ಸಾಧ್ಯತೆ ಮೂರರಲ್ಲಿ ಎರಡು. ಮೂರೂ ತಪ್ಪುವುದು 27ರಲ್ಲಿ 8. ಅಂದರೆ ಗೆಲ್ಲುವುದು 27ರಲ್ಲಿ 19, ಸುಮಾರು ನೂರಕ್ಕೆ ಎಪ್ಪತ್ತು. ಪಿಯುಸಿಯಲ್ಲಿ ಇದನ್ನು ಅಂಕಕ್ಕಾಗಿ ಓದಿ ಮರೆತವರು ಇಲ್ಲಿ ತಮ್ಮ ಕುದುರೆ ದಳ ಉಳಿಸಿಕೊಳ್ಳಲು ಮತ್ತೆ ಕಲಿಯುತ್ತಾರೆ. ನೂರಕ್ಕೆ ಎಪ್ಪತ್ತು ಎಂದರೆ ಖಾತ್ರಿಯಲ್ಲ ಎಂಬುದನ್ನೂ ನೋವಿನಿಂದಲೇ ಕಲಿಯುತ್ತಾರೆ. ಬಿತ್ತನೆಯ ಹೊತ್ತಿಗೆ ಮಳೆಯ ಮುನ್ಸೂಚನೆ ನೋಡುವ ತೊಗರಿ ರೈತನಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಪಟ್ಟಣದಲ್ಲಿ ಬೆಳೆದ ನಮಗೆ ಬೇಕು.

ಎರಡನೆಯದು, ಮುಖ ನೋಡಿ ಸೋಲುವುದು. ಮೊಬೈಲಿನಲ್ಲಿ ಸೋತರೆ ಆಟ ಮುಚ್ಚಿ ಎದ್ದು ಹೋಗಬಹುದು. ಇಲ್ಲಿ ಸೋತ ಮೇಲೆ ಗೆದ್ದವನ ಜೊತೆಯೇ ಗುಡ್ಡಗಳನ್ನು ಎತ್ತಿ ಡಬ್ಬಿಗೆ ತುಂಬಬೇಕು, ಎಲ್ಲಿ ಎಡವಿದೆ ಎಂದು ಅವನ ಬಾಯಿಂದಲೇ ಕೇಳಬೇಕು. ಮೊದಲ ಸಲ ಸೋತು ಮಾತು ಬಿಟ್ಟವರು ಕೆಲವರಿದ್ದರು. ಅವರಲ್ಲಿ ಮರಳಿ ಬಂದವರೇ ಈಗ ಹೊಸಬರಿಗೆ ತಾಳ್ಮೆಯಿಂದ ಕಲಿಸುತ್ತಾರೆ.

ಮೂರನೆಯದು ಇತಿಹಾಸದ ಓದು. ಒಂದು ಯುದ್ಧವನ್ನು ಮೇಜಿಗೆ ತರಬೇಕಾದರೆ ಸೈನ್ಯ ಏನು ತಿಂದಿತು, ನದಿಯಲ್ಲಿ ಆ ತಿಂಗಳು ನೀರು ಎಷ್ಟಿತ್ತು, ತೋಪು ಎಳೆಯಲು ಎತ್ತು ಎಷ್ಟು ಬೇಕು ಎಂದೆಲ್ಲ ಹುಡುಕಬೇಕಾಗುತ್ತದೆ. ಕಲಬುರಗಿ ಕೋಟೆಯ ಬುರುಜಿನ ಮೇಲಿನ ಉದ್ದದ ತೋಪಿನ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತಿದ್ದವರು ಈಗ ಅದು ಯಾವ ದಿಕ್ಕಿಗೆ ಎಷ್ಟು ತಿರುಗುತ್ತಿತ್ತು ಎಂದು ಬಗ್ಗಿ ನೋಡುತ್ತಾರೆ.

ಬಣ್ಣ ಹಚ್ಚುವುದರಿಂದ ಮನಸ್ಸು ಶಾಂತವಾಗುತ್ತದೆ ಎಂದು ಹಲವರು ಹೇಳುತ್ತಾರೆ. ನನಗೆ ಕುತ್ತಿಗೆ ನೋಯುತ್ತದೆ.

ನನಗೆ ಹೊಸಬರ ಜೊತೆ ಮಾತನಾಡಲು ಸಂಕೋಚ. ಬರಬಹುದೇ?

ಬನ್ನಿ. ಸಂಕೋಚದವರಿಗೆ ಕಷ್ಟವಾಗುವುದು 'ಏನು ಮಾತನಾಡಲಿ' ಎಂಬುದು. ಇಲ್ಲಿ ಮಾತಿನ ವಿಷಯ ಮೇಜಿನ ಮೇಲೆಯೇ ಇರುತ್ತದೆ: 'ಈ ದಳ ಎಷ್ಟು ಅಂಗುಲ ನಡೆಯಬಹುದು?' ಎಂದು ಕೇಳಿದರೆ ಪರಿಚಯ ಆದಂತೆಯೇ. ಊರು, ಜಾತಿ, ಸಂಬಳ ಯಾವುದನ್ನೂ ಮೊದಲ ದಿನ ಯಾರೂ ಕೇಳಬಾರದು ಎಂಬ ಕಟ್ಟಳೆ ನಮ್ಮಲ್ಲಿದೆ.

ಚಟವಾಗಿ ಹಿಡಿಯುವುದಿಲ್ಲವೇ?

ಆಟ ಹಿಡಿಯುವುದು ಕಡಿಮೆ, ಏಕೆಂದರೆ ಇನ್ನೊಬ್ಬರು ಬರದೆ ನಡೆಯದು. ಕೊಳ್ಳುವ ಹುಚ್ಚು ಹಿಡಿಯುತ್ತದೆ. ಬಣ್ಣ ಕಾಣದ ಗೊಂಬೆಗಳು ಡಬ್ಬಿಗಳಲ್ಲಿ ರಾಶಿ ಬಿದ್ದಿರುವುದು ಜಗತ್ತಿನಾದ್ಯಂತ ಈ ಹವ್ಯಾಸಿಗಳ ಮನೆಯ ಗುಟ್ಟು. ಇರುವುದಕ್ಕೆ ಬಣ್ಣ ಹಚ್ಚಿ ಮುಗಿಸುವ ತನಕ ಹೊಸದು ತರಬೇಡಿ. ತಂದರೆ ಬೆಲೆಯನ್ನು ಮನೆಯವರಿಗೆ ನಿಜವಾಗಿ ಹೇಳಿ.

## ಸ್ವಲ್ಪ ಆಳಕ್ಕೆ

ಶರಣರ ನಾಡಿನಲ್ಲಿ ಕೂತು ಯುದ್ಧವನ್ನು ಆಟ ಮಾಡುವುದು ಸರಿಯೇ? ಸಾವು ನಿಮಗೆ ಮನರಂಜನೆಯೇ?

ಈ ಪ್ರಶ್ನೆಯನ್ನು ಬದಿಗೆ ಸರಿಸುವವರು ಈ ಆಟ ಆಡದಿರುವುದೇ ಮೇಲು. ವೆಲ್ಸ್ ತನ್ನ ಪುಸ್ತಕದ ಕೊನೆಯಲ್ಲಿ ಇದನ್ನೇ ಎತ್ತಿದ್ದ: ಆಟದ ಯುದ್ಧವನ್ನು ಮೂರ್ನಾಲ್ಕು ಸಲ ಆಡಿ ನೋಡಿದರೆ ನಿಜವಾದ ಮಹಾಯುದ್ಧ ಎಷ್ಟು ಎಡವಟ್ಟಿನ ಸಂಗತಿಯಾಗುತ್ತದೆ ಎಂದು ತಿಳಿಯುತ್ತದೆ ಎಂಬುದು ಅವನ ವಾದ. ಮರುವರ್ಷವೇ ಮೊದಲ ಮಹಾಯುದ್ಧ ಬಂತು. ಹಾಗಾಗಿ ಆಟದಿಂದ ಯುದ್ಧ ನಿಲ್ಲುತ್ತದೆ ಎಂದು ನಾನು ಹೇಳಲಾರೆ. ಆಡುವುದರಿಂದ ಹಿಂಸೆ ಬೆಳೆಯುತ್ತದೆ ಎಂಬುದನ್ನೂ ಒಪ್ಪಲಾರೆ; ಅಷ್ಟು ಹೊತ್ತು ನಿಯಮದ ಪುಸ್ತಕ ಓದುವ ತಾಳ್ಮೆ ಇರುವವನು ಹೊಡೆದಾಟಕ್ಕೆ ಹೋಗುವುದು ಅಪರೂಪ.

ನಿಜವಾದ ಅಪಾಯ ಬೇರೆ ಕಡೆ ಇದೆ. ಮೇಜಿನ ಮೇಲೆ ಹಳ್ಳಿಗಳು ಖಾಲಿ ಇರುತ್ತವೆ. ಸೈನ್ಯ ಹಾದುಹೋದ ಊರಿನ ಕಾಳು, ದನ, ಹೆಂಗಸರು ಆಟದಲ್ಲಿ ಇಲ್ಲ. ಹೀಗಾಗಿ ಯುದ್ಧ ಎಂದರೆ ಚಂದದ ಸಮವಸ್ತ್ರ ಎಂಬ ಭ್ರಮೆ ಹುಟ್ಟಬಹುದು. ಎರಡನೇ ಮಹಾಯುದ್ಧ ಆಡುವ ಕೆಲವರಿಗೆ ಹಿಟ್ಲರನ ಎಸ್‌ಎಸ್ ಪಡೆಯ ಮೇಲೆ ವಿಚಿತ್ರ ಮೋಹ ಇರುತ್ತದೆ. ಜರ್ಮನ್ ಕಡೆ ಆಡಲು ಯಾರಾದರೂ ಬೇಕೇ ಬೇಕು. ಆದರೆ ಆ ಪಡೆಯನ್ನು ಹೊಗಳಿ ಮಾತನಾಡಿದವರಿಗೆ ನಮ್ಮ ಮನೆಯಲ್ಲಿ ಎರಡನೇ ಆಟವಿಲ್ಲ.

ಬಹಮನಿ, ವಿಜಯನಗರ ಎಂದು ಆಡಿದರೆ ಹಿಂದೂ ಮುಸ್ಲಿಂ ಜಗಳ ಆಗುವುದಿಲ್ಲವೇ? ನಮ್ಮ ಊರು ಮೊದಲೇ ಸೂಕ್ಷ್ಮ.

ಸೂಕ್ಷ್ಮ ಹೌದು. ನಮ್ಮ ಮೇಜಿನ ಸುತ್ತ ಎರಡೂ ಕಡೆಯವರು ಕೂರುತ್ತಾರೆ. ಮಾಡಿಕೊಂಡ ಉಪಾಯ ಸರಳ: ಯಾವ ಪಕ್ಷ ಯಾರಿಗೆ ಎಂಬುದು ಚೀಟಿ ಎತ್ತಿದ ಮೇಲೆ. ಆಳಂದದ ಖಾನ್ ಸಾಹೇಬರು ವಿಜಯನಗರದ ಆನೆಗಳನ್ನು ನಡೆಸಿದ ದಿನ, ಜೇವರ್ಗಿಯ ಪಾಟೀಲರು ಬಿಜಾಪುರದ ತೋಪುಗಳನ್ನು ಹಿಡಿದಿದ್ದರು.

ಅಲ್ಲದೆ, ಇತಿಹಾಸವನ್ನು ಓದಿ ಆಡಿದರೆ ಎರಡು ಬಣ್ಣದ ಕಥೆ ನಿಲ್ಲುವುದಿಲ್ಲ. 1565ರ ರಕ್ಕಸಗಿ-ತಂಗಡಗಿ ಯುದ್ಧದಲ್ಲಿ ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್ ವಿಜಯನಗರದ ಮೇಲೆ ಒಂದಾಗಿ ಬಂದವು ನಿಜ. ಅದಕ್ಕೆ ಕೆಲವೇ ವರ್ಷ ಮುಂಚೆ ವಿಜಯನಗರದ ರಾಮರಾಯ ಬಿಜಾಪುರದ ಜೊತೆ ಸೇರಿ ಅಹಮದ್‌ನಗರದ ಮೇಲೆ ಹೋಗಿದ್ದ. ಅವನ ಸೈನ್ಯದಲ್ಲಿ ಮುಸ್ಲಿಂ ದಳಪತಿಗಳಿದ್ದರು, ಸುಲ್ತಾನರ ಸೈನ್ಯಗಳಲ್ಲಿ ಮರಾಠರಿದ್ದರು. ಗೊಂಬೆಗಳಿಗೆ ಬಣ್ಣ ಹಚ್ಚಲು ಕೂತಾಗಲೇ ಇದು ಬೇಗ ಅರ್ಥವಾಗುತ್ತದೆ: ಒಂದೊಂದು ಸೈನ್ಯಕ್ಕೂ ಹಲವು ಪೇಟಗಳು ಬೇಕು.

ಒಂದು ಗೆರೆ ಎಳೆದುಕೊಂಡಿದ್ದೇವೆ. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಹೈದರಾಬಾದಿನ ಮೇಲೆ ನಡೆದ ಪೊಲೀಸ್ ಕಾರ್ಯಾಚರಣೆ, ಅದರ ಹಿಂದಿನ ರಜಾಕಾರರ ದಿನಗಳು, ಅದರ ನಂತರ ಹಳ್ಳಿಗಳಲ್ಲಿ ಆದದ್ದು, ಇವನ್ನು ಮೇಜಿಗೆ ತರುವುದಿಲ್ಲ. ಮನೆಮನೆಯಲ್ಲಿ ಇನ್ನೂ ಆ ನೆನಪು ಉಳಿದಿದೆ. ಒಬ್ಬರ ಅಜ್ಜಿಯ ಅಳುವಿನ ಮೇಲೆ ಇನ್ನೊಬ್ಬರು ದಾಳ ಉರುಳಿಸಬಾರದು. ಕೆಲವರು ಇದನ್ನು ಅಂಜುಬುರುಕತನ ಎಂದಿದ್ದಾರೆ. ಅನ್ನಲಿ.

ನಮ್ಮ ಭಾಗದ ಯಾವ ಯುದ್ಧವನ್ನು ಆಟವಾಗಿ ಮಾಡಬಹುದು? ನಿಯಮವನ್ನು ನಾವೇ ಬರೆಯಬಹುದೇ?

ಬರೆಯಬಹುದು, ಬರೆಯಬೇಕು, ನಮ್ಮ ಯುದ್ಧಗಳಿಗೆ ಹೊರದೇಶದವರು ಮಾಡಿದ ಸಿದ್ಧ ಆಟಗಳು ಬಹಳ ಕಡಿಮೆ. ಮೊದಲ ಪ್ರಯತ್ನಕ್ಕೆ ನಾನು ಸೂಚಿಸುವುದು ಯಾದಗಿರಿ ಜಿಲ್ಲೆಯ ಸುರಪುರದ ಹತ್ತಿರದ ವಾಗಿಣಗೇರಿ. 1705ರಲ್ಲಿ ಔರಂಗಜೇಬ, ಎಂಬತ್ತೈದು ದಾಟಿದ ಮುದಿ ವಯಸ್ಸಿನಲ್ಲಿ, ತಾನೇ ಬಂದು ಬೇಡ ನಾಯಕರ ಈ ಕೋಟೆಗೆ ಮುತ್ತಿಗೆ ಹಾಕಿದ. ಅವನು ಸ್ವತಃ ನಡೆಸಿದ ಮುತ್ತಿಗೆಗಳಲ್ಲಿ ಅದೇ ಕೊನೆಯದು. ನಾಯಕರ ಸಹಾಯಕ್ಕೆ ಮರಾಠರ ದಂಡು ಬಂತು. ನಡುವೆ ಸಂಧಾನದ ಮಾತು ನಡೆಯಿತು. ಕೊನೆಗೆ ಮೊಗಲರ ಕೈಗೆ ಸಿಕ್ಕಿದ್ದು ಒಳಗಿನವರು ಬಿಟ್ಟುಹೋಗಿದ್ದ, ಬೆಂಕಿ ಬಿದ್ದ ಕೋಟೆ. ನಾಯಕರು ಜನರೊಂದಿಗೆ ತಪ್ಪಿಸಿಕೊಂಡಿದ್ದರು.

ಆಟ ಬರೆಯುವವರಿಗೆ ಇದು ಹಬ್ಬ. 'ಕೋಟೆ ಗೆದ್ದವನು ಗೆದ್ದ' ಎಂದು ಬರೆದರೆ ಆಟ ಸಪ್ಪೆ. ಮೊಗಲರ ಬಲ ಅಷ್ಟಿದೆ, ಕೋಟೆ ಬಿದ್ದೇ ಬೀಳುತ್ತದೆ. ಗೆಲುವಿನ ಲೆಕ್ಕವನ್ನು ಬದಲಿಸಿ: ನಾಯಕರ ಕಡೆಯವನು ಎಷ್ಟು ಜನರನ್ನು ಸುರಕ್ಷಿತವಾಗಿ ಹೊರಗೆ ದಾಟಿಸಿದ, ಮೊಗಲರ ಎಷ್ಟು ವಾರಗಳನ್ನು ತಿಂದುಹಾಕಿದ ಎಂಬುದಕ್ಕೆ ಅಂಕ ಕೊಡಿ. ಬೇಸಿಗೆ ಹತ್ತಿರವಾದಂತೆ ಮುತ್ತಿಗೆಯವರಿಗೆ ನೀರು, ಮೇವು ಕಡಿಮೆಯಾಗಲಿ. ಸಂಧಾನವನ್ನು ನಾಯಕರ ಕೈಯಲ್ಲಿರುವ ಒಂದು ಚೀಟಿಯಾಗಿ ಮಾಡಿ. ಅದನ್ನು ಒಮ್ಮೆ ಆಡಿದರೆ ಮೊಗಲರು ಒಂದು ಸರದಿ ಗುಂಡು ಹಾರಿಸುವಂತಿಲ್ಲ. ತಪ್ಪಿಸಿಕೊಳ್ಳುವ ದಾರಿಯನ್ನು ಆಟದ ಮೊದಲೇ ಗುಟ್ಟಾಗಿ ಬರೆದು ಮಡಚಿ, ಆಡದ ಮೂರನೆಯವರ ಕೈಗೆ ಕೊಡಿ.

ನಿಯಮ ನಾಲ್ಕು ಪುಟ ಮೀರದಿರಲಿ. ಬರೆದವರು ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ಕೂರಬೇಕು, ಬೇರೆ ಇಬ್ಬರು ಕಾಗದ ನೋಡಿ ಆಡಬೇಕು. ಅವರು ತಲೆಯೆತ್ತಿ ನಿಮ್ಮ ಮುಖ ನೋಡಿದ ಕಡೆಯೆಲ್ಲ ಗುರುತು ಹಾಕಿಕೊಂಡು ಆ ಸಾಲುಗಳನ್ನು ಮತ್ತೆ ಬರೆಯಿರಿ.